ಹೆವಿವೇಟ್‌ನಲ್ಲಿ ಎಲ್ಲರಿಗಿಂತ ದೊಡ್ಡವನು ಯಾರು: ಅಲಿ ಎನ್ನುವ ಉತ್ತರದೊಳಗಿನ ತೊಡಕು

1969ರಲ್ಲಿ ಅಮೆರಿಕದ ಮಯಾಮಿಯ ಒಂದು ಸ್ಟುಡಿಯೊದಲ್ಲಿ, ಪ್ರೇಕ್ಷಕರೇ ಇಲ್ಲದ ರಿಂಗಿನೊಳಗೆ, ಇಬ್ಬರು ಬಾಕ್ಸರ್‌ಗಳು ಗುದ್ದಾಡುವಂತೆ ನಟಿಸಿದರು. ಒಬ್ಬ, ಬಾಕ್ಸಿಂಗ್‌ನ ಅತಿ ಭಾರದ ವರ್ಗವಾದ ಹೆವಿವೇಟ್‌ನ ಮಾಜಿ ವಿಶ್ವ ಚಾಂಪಿಯನ್ ರಾಕಿ ಮಾರ್ಸಿಯಾನೊ. ಆಡಿದ 49 ಪಂದ್ಯಗಳನ್ನೂ ಗೆದ್ದು 1956ರಲ್ಲಿ ನಿವೃತ್ತನಾದವನು. ಆಗ ಅವನಿಗೆ 45 ವರ್ಷ. ಚಿತ್ರೀಕರಣಕ್ಕೆಂದೇ ಮೈ ಇಳಿಸಿ, ತಲೆಗೆ ಟೋಪನ್ ಇಟ್ಟುಕೊಂಡು ಬಂದಿದ್ದ. ಇನ್ನೊಬ್ಬ 27 ವರ್ಷದ ಮುಹಮ್ಮದ್ ಅಲಿ. ವಿಯೆಟ್ನಾಂ ಯುದ್ಧಕ್ಕೆ ಸೇರುವುದಿಲ್ಲ ಎಂದಿದ್ದಕ್ಕೆ ಪಟ್ಟವನ್ನೂ ಲೈಸೆನ್ಸನ್ನೂ ಕಳೆದುಕೊಂಡು ಕೈಯಲ್ಲಿ ಕಾಸಿಲ್ಲದೆ ಕೂತಿದ್ದವನು. ಇಬ್ಬರ ಬಲ, ವೇಗ, ಪೆಟ್ಟು ತಡೆಯುವ ಶಕ್ತಿಯನ್ನೆಲ್ಲ ಅಂಕಿಗಳಾಗಿಸಿ ಕಂಪ್ಯೂಟರಿಗೆ ತುಂಬಿದ್ದರು. ಬಗೆಬಗೆಯ ಅಂತ್ಯಗಳನ್ನು ಚಿತ್ರೀಕರಿಸಿ ಇಟ್ಟುಕೊಂಡು, ಕಂಪ್ಯೂಟರ್ ಹೇಳಿದ ಅಂತ್ಯವನ್ನು ಜನರಿಗೆ ತೋರಿಸುವುದು ಯೋಜನೆ.

1970ರ ಜನವರಿಯಲ್ಲಿ ಚಿತ್ರ ತೆರೆಗೆ ಬಂತು. ಅಮೆರಿಕದ ಪ್ರೇಕ್ಷಕರು 13ನೇ ಸುತ್ತಿನಲ್ಲಿ ಮಾರ್ಸಿಯಾನೊ ಅಲಿಯನ್ನು ಕೆಡವಿದ್ದನ್ನು ನೋಡಿದರು. ಯುರೋಪಿಗೆ ಹೋದ ಪ್ರತಿಯಲ್ಲಿ ಗೆದ್ದವನು ಅಲಿ. ಅದೇ ಯಂತ್ರ, ಅದೇ ಅಂಕಿಗಳು. ಊರು ಬದಲಾದಾಗ ಗೆದ್ದವನೂ ಬದಲಾದ. ಮಾರ್ಸಿಯಾನೊಗೆ ತನ್ನ ಗೆಲುವನ್ನೂ ಸೋಲನ್ನೂ ನೋಡುವ ಯೋಗವಿರಲಿಲ್ಲ. 1969ರ ಆಗಸ್ಟ್ 31ರಂದೇ ವಿಮಾನ ಅಪಘಾತದಲ್ಲಿ ತೀರಿಕೊಂಡಿದ್ದ. ಇದಕ್ಕೂ ಮೊದಲು ಇದೇ ತಂಡ ರೇಡಿಯೊದಲ್ಲಿ ನಡೆಸಿದ ಇಂಥದೇ ಕಾಲ್ಪನಿಕ ಟೂರ್ನಿಯಲ್ಲಿ ಶತಮಾನದ ಆರಂಭದ ಚಾಂಪಿಯನ್ ಜಿಮ್ ಜೆಫ್ರಿಸ್ ಎದುರು ಅಲಿ ಸೋತನೆಂದು ಸಾರಲಾಗಿತ್ತು. ಅಲಿ ಸಿಟ್ಟಿಗೆದ್ದು ಮಾನನಷ್ಟದ ಮೊಕದ್ದಮೆ ಹೂಡಿದ್ದ. ಆಡದ ಪಂದ್ಯದ ಸೋಲಿಗೆ ನ್ಯಾಯಾಲಯದ ಮೆಟ್ಟಿಲು ಹತ್ತಿದ ಬಾಕ್ಸರ್ ಬೇರೊಬ್ಬನಿರಲಾರ.

ಐವತ್ತೈದು ವರ್ಷಗಳ ಮೇಲೆ, ಎಲ್ಲರಿಗಿಂತ ದೊಡ್ಡವನು ಯಾರು ಎಂಬ ಈ ವಾದ ಮತ್ತೆ ಕಾವೇರಿದೆ. ಕಾರಣ ಉಕ್ರೇನಿನ ಒಲೆಕ್ಸಾಂಡರ್ ಉಸಿಕ್. 2024ರ ಮೇ 18ರಂದು ರಿಯಾದ್‌ನಲ್ಲಿ ಟೈಸನ್ ಫ್ಯೂರಿಯನ್ನು ಸೋಲಿಸಿ, ವಿಶ್ವ ಪಟ್ಟ ಕೊಡುವ ನಾಲ್ಕೂ ಸಂಸ್ಥೆಗಳ ಬೆಲ್ಟುಗಳನ್ನು ಒಟ್ಟಿಗೆ ಹಿಡಿದ ಮೊದಲ ಹೆವಿವೇಟ್ ಎನಿಸಿದ. ಡಿಸೆಂಬರ್‌ನಲ್ಲಿ ಫ್ಯೂರಿಯನ್ನು ಮತ್ತೆ ಸೋಲಿಸಿದ. ನಡುವೆ ಬಿಟ್ಟುಕೊಟ್ಟಿದ್ದ ಒಂದು ಬೆಲ್ಟನ್ನು 2025ರ ಜುಲೈ 19ರಂದು ಲಂಡನ್ನಿನ ವೆಂಬ್ಲಿಯಲ್ಲಿ ಡೇನಿಯಲ್ ದುಬುವಾನನ್ನು ಐದನೇ ಸುತ್ತಿನಲ್ಲಿ ಕೆಡವಿ ಮರಳಿ ಪಡೆದ. ಅಲ್ಲಿಗೆ 24 ಪಂದ್ಯ, 24 ಗೆಲುವು. ಹುಟ್ಟಿದ್ದು ಜನವರಿ 17ರಂದು, ಅಲಿ ಹುಟ್ಟಿದ ದಿನವೇ. ಅಭಿಮಾನಿಗಳಿಗೆ ಇನ್ನೇನು ಬೇಕು? ಅಲಿಯ ಸಾಲಿನಲ್ಲಿ ಕೂರಿಸಬಹುದೇ ಎಂಬ ಪ್ರಶ್ನೆ ಶುರುವಾಯಿತು.

ಉತ್ತರ ಹೇಳುವ ಮೊದಲು ಈ ತೂಕವರ್ಗದ ಒಂದು ವಿಚಿತ್ರವನ್ನು ಗಮನಿಸಬೇಕು. ಬಾಕ್ಸಿಂಗ್‌ನ ಉಳಿದೆಲ್ಲ ವರ್ಗಗಳಿಗೂ ಮೇಲಿನ ಮಿತಿ ಇದೆ, ಹೆವಿವೇಟ್‌ಗೆ ಇಲ್ಲ. 1950ರ ಲೈಟ್‌ವೇಟ್‌ನವನೂ ಇಂದಿನ ಲೈಟ್‌ವೇಟ್‌ನವನೂ ಒಂದೇ ತೂಕದವರು. ಹೆವಿವೇಟ್‌ನಲ್ಲಿ ಹಾಗಲ್ಲ. ಮಾರ್ಸಿಯಾನೊ ಪಟ್ಟಕ್ಕಾಗಿ ಕಾದಾಡಿದ್ದು ಸುಮಾರು 84 ಕಿಲೊ ತೂಕದಲ್ಲಿ, 1930-40ರ ದಶಕಗಳ ಚಾಂಪಿಯನ್ ಜೋ ಲೂಯಿಸ್ ತನ್ನ ಉತ್ತುಂಗದಲ್ಲಿ ಸುಮಾರು 90 ಕಿಲೊ. ಇಂದಿನ ನಿಯಮದಲ್ಲಿ 90.7 ಕಿಲೊವರೆಗಿನವರಿಗೆ ಕ್ರೂಸರ್‌ವೇಟ್ ಎಂಬ ಬೇರೆಯೇ ವರ್ಗವಿದೆ. ಅಂದರೆ ಈ ಇಬ್ಬರು ಮಹಾನುಭಾವರು ಇಂದು ಹೆವಿವೇಟ್‌ಗೆ ಬರುವ ಅಗತ್ಯವೇ ಇರುತ್ತಿರಲಿಲ್ಲ. 1974ರಲ್ಲಿ ಆಫ್ರಿಕಾದ ಕಿನ್ಶಾಸಾದಲ್ಲಿ ಜಾರ್ಜ್ ಫೋರ್ಮನ್ ಎದುರು ಆಡಿದಾಗ ಅಲಿ ಸುಮಾರು 98 ಕಿಲೊ ಇದ್ದ. 2024ರ ಡಿಸೆಂಬರ್‌ನಲ್ಲಿ ಬಟ್ಟೆ ತೊಟ್ಟೇ ತಕ್ಕಡಿ ಹತ್ತಿದ ಫ್ಯೂರಿ 127 ಕಿಲೊ ತೂಗಿದ.

ಇಷ್ಟು ಹೇಳಿ, ಹಳಬರು ಇಂದಿನವರೆದುರು ನಿಲ್ಲುತ್ತಿರಲಿಲ್ಲ ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆದರೆ ಅದೇ ರಾತ್ರಿ ಆ 127 ಕಿಲೊ ಆಳನ್ನು ಸೋಲಿಸಿದ ಉಸಿಕ್ ಇದ್ದದ್ದು ಹತ್ತಿರ ಹತ್ತಿರ 103 ಕಿಲೊ. ಅವನೇ ಕ್ರೂಸರ್‌ವೇಟ್‌ನಿಂದ ಮೇಲೆ ಬಂದವನು. 2018ರಲ್ಲಿ ಆ ವರ್ಗದ ನಾಲ್ಕೂ ಬೆಲ್ಟುಗಳನ್ನು ಗೆದ್ದಿದ್ದ. 1919ರಲ್ಲಿ ಜಾಕ್ ಡೆಂಪ್ಸಿ ತನಗಿಂತ 25 ಕಿಲೊಗೂ ಹೆಚ್ಚು ತೂಕದ ಜೆಸ್ ವಿಲ್ಲಾರ್ಡ್‌ನನ್ನು ಜಜ್ಜಿಹಾಕಿದ್ದ. 1935ರಲ್ಲಿ ಲೂಯಿಸ್ 118 ಕಿಲೊಗಳ ಇಟಲಿಯ ಪ್ರೈಮೊ ಕಾರ್ನೆರಾನನ್ನು ಕೆಡವಿದ್ದ. ವ್ಯತ್ಯಾಸ ಇರುವುದು ಆ ಕಾಲದ ದೈತ್ಯರಲ್ಲಿ. ಕಾರ್ನೆರಾ, ವಿಲ್ಲಾರ್ಡ್ ಇಬ್ಬರೂ ಮೈಯಲ್ಲಷ್ಟೇ ದೊಡ್ಡವರು, ಕೈ ನಿಧಾನ. ಈಚಿನ ಚಾಂಪಿಯನ್‌ಗಳಾದ ಲೆನಾಕ್ಸ್ ಲೂಯಿಸ್, ಕ್ಲಿಚ್‌ಕೊ ಸಹೋದರರು, ಫ್ಯೂರಿ ಇವರೆಲ್ಲ ಆ ಎತ್ತರದಲ್ಲಿದ್ದೂ ಜಾಬ್ (ಮುಂದಿನ ಕೈಯ ಚುರುಕಾದ ನೇರ ಗುದ್ದು) ಹಾಕಬಲ್ಲವರು, ಕಾಲಾಡಿಸಬಲ್ಲವರು. 84 ಕಿಲೊದ, ಗಿಡ್ಡ ತೋಳುಗಳ ಮಾರ್ಸಿಯಾನೊ ಇವರ ಜಾಬ್ ದಾಟಿ ಒಳಗೆ ನುಗ್ಗುವುದನ್ನು ನಾನು ಎಷ್ಟು ಪ್ರಯತ್ನಿಸಿದರೂ ಕಲ್ಪಿಸಿಕೊಳ್ಳಲಾರೆ. 98 ಕಿಲೊದ ಅಲಿಯ ವಿಷಯದಲ್ಲಿ ಹಾಗೆ ಅನ್ನಿಸುವುದಿಲ್ಲ.

ಮಾರ್ಸಿಯಾನೊನ 49-0 ಎಂಬ ದಾಖಲೆಯ ಬಗ್ಗೆ ಇನ್ನೊಂದು ಮಾತು. 1952ರ ಸೆಪ್ಟೆಂಬರ್ 23ರಂದು ಫಿಲಡೆಲ್ಫಿಯಾದಲ್ಲಿ ಜರ್ಸಿ ಜೋ ವಾಲ್ಕಾಟ್ ಎದುರು ಅವನು ಪಟ್ಟ ಗೆದ್ದದ್ದು 13ನೇ ಸುತ್ತಿನಲ್ಲಿ, ಬಲಗೈಯ ಒಂದೇ ಹೊಡೆತದಿಂದ. 12 ಸುತ್ತು ಮುಗಿದಾಗ ಮೂವರು ತೀರ್ಪುಗಾರರ ಲೆಕ್ಕದಲ್ಲೂ ಅವನು ಹಿಂದಿದ್ದ. 1982ರಲ್ಲಿ ಕೊರಿಯಾದ ಬಾಕ್ಸರ್ ಕಿಮ್ ಡುಕ್ ಕೂ ಪಂದ್ಯದಲ್ಲಿ ತಿಂದ ಪೆಟ್ಟಿನಿಂದ ಸತ್ತ ನಂತರ ಪಟ್ಟದ ಪಂದ್ಯಗಳು 15 ಸುತ್ತಿನಿಂದ 12ಕ್ಕೆ ಇಳಿದವು. ಇಂದಿನ ನಿಯಮ ಅಂದಿದ್ದರೆ ವಾಲ್ಕಾಟ್ ಪಟ್ಟ ಉಳಿಸಿಕೊಳ್ಳುತ್ತಿದ್ದ, ಶೂನ್ಯ ಸೋಲಿನ ದಾಖಲೆ ಅಂದೇ ಮುರಿಯುತ್ತಿತ್ತು. 1941ರ ಜೂನ್ 18ರಂದು ಬಿಲ್ಲಿ ಕಾನ್ ಎದುರು ಜೋ ಲೂಯಿಸ್‌ನ ಕಥೆಯೂ ಅದೇ. ಲೈಟ್ ಹೆವಿವೇಟ್‌ನಿಂದ ಮೇಲೆ ಬಂದ, ಲೂಯಿಸ್‌ಗಿಂತ ತುಂಬ ಹಗುರನಾದ ಕಾನ್ 12 ಸುತ್ತುಗಳ ನಂತರ ಇಬ್ಬರು ತೀರ್ಪುಗಾರರ ಲೆಕ್ಕದಲ್ಲಿ ಮುಂದಿದ್ದ, ಮೂರನೆಯವನ ಲೆಕ್ಕದಲ್ಲಿ ಸಮ. ಉಳಿದ ಮೂರು ಸುತ್ತು ಓಡಾಡಿಕೊಂಡಿದ್ದರೆ ಸಾಕಿತ್ತು. ನಾಕೌಟ್ ಮಾಡಿಯೇ ಗೆಲ್ಲುತ್ತೇನೆಂದು 13ನೇ ಸುತ್ತಿನಲ್ಲಿ ಮೈಮೇಲೆ ಬಿದ್ದ. ಸುತ್ತು ಮುಗಿಯಲು 2 ಸೆಕೆಂಡು ಇರುವಾಗ ತಾನೇ ನೆಲ ಕಂಡ.

ಹಾಗಾಗಿ ಸೋಲು-ಗೆಲುವಿನ ಅಂಕಿಗಳನ್ನು ಕಾಲದಾಚೆಗೆ ಎಳೆದು ಹೋಲಿಸಿದರೆ ಅಂಕಿಗಳಷ್ಟೇ ಸಿಗುತ್ತವೆ. ಒಂದೇ ಕಾಲದವರನ್ನು ಹೋಲಿಸಿದರೂ ಲೆಕ್ಕ ಸರಿಹೋಗುವುದಿಲ್ಲ. 1973ರ ಮಾರ್ಚ್‌ನಲ್ಲಿ ಕೆನ್ ನಾರ್ಟನ್ ಅಲಿಯ ದವಡೆ ಮುರಿದು ಗೆದ್ದ. ಜೋ ಫ್ರೇಜಿಯರ್ ಅದಕ್ಕೂ ಎರಡು ವರ್ಷ ಮೊದಲೇ ಅಲಿಯನ್ನು ಸೋಲಿಸಿದ್ದ. ಈ ಇಬ್ಬರನ್ನೂ ಜಾರ್ಜ್ ಫೋರ್ಮನ್ ತಲಾ ಎರಡೇ ಸುತ್ತುಗಳಲ್ಲಿ ಮುಗಿಸಿದ. ಫ್ರೇಜಿಯರ್‌ನನ್ನಂತೂ ಆರು ಬಾರಿ ನೆಲಕ್ಕೆ ಬೀಳಿಸಿ. ಹಾಗಾದರೆ ಫೋರ್ಮನ್ ಅಲಿಯನ್ನು ಹಿಟ್ಟು ಮಾಡಬೇಕಿತ್ತು. 1974ರ ಅಕ್ಟೋಬರ್ 30ರಂದು ಕಿನ್ಶಾಸಾದಲ್ಲಿ ನಡೆದದ್ದು ಬೇರೆ, ಗೆದ್ದವನು ಅಲಿ. ಕಲ್ಲು-ಕಾಗದ-ಕತ್ತರಿ ಆಟದಲ್ಲಿ ಮೂವರಲ್ಲಿ ಯಾರು ಬಲಶಾಲಿ ಎಂದು ಕೇಳಿದ ಹಾಗೆ ಇದು. ಮೇಲೆ ಬಂದು ಗುದ್ದುವವನಿಗೆ ಫೋರ್ಮನ್ ಯಮ. ಹಿಂದೆ ಸರಿದು ಆಡುವವನ ಮುಂದೆ ಅವನೇ ದಣಿಯುತ್ತಾನೆ.

ಪಟ್ಟಿ ಮಾಡುವವರು ಸಾಮಾನ್ಯವಾಗಿ ಮರೆಯುವ ಇನ್ನೊಂದು ಸಂಗತಿ: ಅವಕಾಶ ಸಿಕ್ಕವರಷ್ಟೇ ಪಟ್ಟಿಯಲ್ಲಿರುತ್ತಾರೆ. 1908ರಲ್ಲಿ ಸಿಡ್ನಿಯಲ್ಲಿ ಜಾಕ್ ಜಾನ್ಸನ್ ಮೊದಲ ಕಪ್ಪು ಹೆವಿವೇಟ್ ಚಾಂಪಿಯನ್ ಆದ. 1915ರಲ್ಲಿ ಹವಾನಾದಲ್ಲಿ ಅವನು ಸೋತ ಮೇಲೆ, 1937ರಲ್ಲಿ ಜೋ ಲೂಯಿಸ್ ರಿಂಗಿಗೆ ಇಳಿಯುವವರೆಗೆ, 22 ವರ್ಷ ಒಬ್ಬ ಕಪ್ಪು ಬಾಕ್ಸರ್‌ಗೂ ಈ ಪಟ್ಟಕ್ಕಾಗಿ ಆಡುವ ಅವಕಾಶ ಕೊಡಲಿಲ್ಲ. ಸ್ಯಾಮ್ ಲ್ಯಾಂಗ್‌ಫರ್ಡ್, ಹ್ಯಾರಿ ವಿಲ್ಸ್, ಜೋ ಜೀನೆಟ್ ತಮ್ಮತಮ್ಮಲ್ಲೇ ಮತ್ತೆ ಮತ್ತೆ ಹೊಡೆದಾಡಿಕೊಂಡು ವಯಸ್ಸು ಕಳೆದರು. ಕಹಿಯಾದ ಸಂಗತಿಯೆಂದರೆ, ಜಾನ್ಸನ್ ಕೂಡ ಚಾಂಪಿಯನ್ ಆದ ಮೇಲೆ ಲ್ಯಾಂಗ್‌ಫರ್ಡ್‌ಗೆ ಅವಕಾಶ ಕೊಡಲಿಲ್ಲ. ಬಿಳಿಯರೊಂದಿಗಿನ ಪಂದ್ಯಕ್ಕೆ ಹಣ ಹೆಚ್ಚು, ಅಪಾಯ ಕಡಿಮೆ. 1920ರ ದಶಕದಲ್ಲಿ ಡೆಂಪ್ಸಿ ವಿಲ್ಸ್ ಜೊತೆ ಆಡಲೇ ಇಲ್ಲ. ಇನ್ನೊಂದು ದಿಕ್ಕಿನಲ್ಲಿ ಕ್ಯೂಬಾದ ತಿಯೋಫಿಲೊ ಸ್ಟೀವನ್‌ಸನ್: 1972, 1976, 1980ರಲ್ಲಿ ಮೂರು ಒಲಿಂಪಿಕ್ ಚಿನ್ನ ಗೆದ್ದ, ವೃತ್ತಿಪರ ರಿಂಗಿಗೆ ಬರಲಿಲ್ಲ. ಅಲಿಯೊಂದಿಗಿನ ಪಂದ್ಯದ ಮಾತು ಮಾತಾಗಿಯೇ ಉಳಿಯಿತು.

ಇನ್ನು ಸಿಂಹಾಸನದ ಮೇಲೆ ಕೂತು ಆಳಿದ್ದನ್ನೇ ಅಳತೆಗೋಲು ಮಾಡಿದರೆ ಜೋ ಲೂಯಿಸ್‌ಗೆ ಸಾಟಿ ಇಲ್ಲ. 1937ರಿಂದ 1949ರವರೆಗೆ ಚಾಂಪಿಯನ್, 25 ಬಾರಿ ಪಟ್ಟ ಉಳಿಸಿಕೊಂಡವನು. ಆಗ ಇಡೀ ಲೋಕಕ್ಕೆ ಒಬ್ಬನೇ ಚಾಂಪಿಯನ್, ಬೆಲ್ಟು ಹಂಚಿಕೊಳ್ಳಲು ನಾಲ್ಕು ಸಂಸ್ಥೆಗಳಿರಲಿಲ್ಲ. 1941 ಒಂದೇ ವರ್ಷದಲ್ಲಿ ಏಳು ಬಾರಿ ಪಟ್ಟಕ್ಕಾಗಿ ಆಡಿದ. ಉಸಿಕ್ 2021ರ ಸೆಪ್ಟೆಂಬರ್‌ನಲ್ಲಿ ಆಂಟನಿ ಜೋಶುವಾನನ್ನು ಸೋಲಿಸಿದಂದಿನಿಂದ 2025ರ ಜುಲೈವರೆಗೆ ಆಡಿದ್ದು ಆರು ಪಂದ್ಯ, ಅದೂ ಮೂವರೇ ಎದುರಾಳಿಗಳೊಂದಿಗೆ. ಲೂಯಿಸ್‌ನ ಎದುರಾಳಿಗಳಲ್ಲಿ ಅನೇಕರು ಸಾಧಾರಣ ಆಳುಗಳೆಂಬ ದೂರು ಅಂದೂ ಇತ್ತು, ಅದರಲ್ಲಿ ಹುರುಳಿದೆ. ಆದರೆ 1936ರಲ್ಲಿ ತನ್ನನ್ನು 12ನೇ ಸುತ್ತಿನಲ್ಲಿ ಮಲಗಿಸಿದ್ದ ಜರ್ಮನಿಯ ಮ್ಯಾಕ್ಸ್ ಷ್ಮೆಲಿಂಗ್‌ನನ್ನು 1938ರಲ್ಲಿ 124 ಸೆಕೆಂಡುಗಳಲ್ಲಿ ಮುಗಿಸಿದ ದೃಶ್ಯ ನೋಡಿದವರಿಗೆ ಈ ದೂರು ನೆನಪಿಗೆ ಬರುವುದಿಲ್ಲ. ಚಿಕ್ಕ ಚಿಕ್ಕ ಹೆಜ್ಜೆ, ಎಲ್ಲೂ ಅಗಲವಾಗಿ ಬೀಸದ ಕೈ, ಒಂದರ ಬೆನ್ನಿಗೆ ಒಂದು ನೇರ ಹೊಡೆತ. ಗುದ್ದುವ ತಂತ್ರದಲ್ಲಿ ಅಲಿಗಿಂತ ಲೂಯಿಸ್ ಮೇಲು ಎಂಬುದರಲ್ಲಿ ನನಗೆ ಸಂಶಯವಿಲ್ಲ. ಅಲಿ ಹೊಟ್ಟೆಗೆ ಹೊಡೆಯುತ್ತಿದ್ದದ್ದೇ ಅಪರೂಪ. ಕೈ ಕೆಳಗೆ ಬಿಟ್ಟುಕೊಂಡು, ಪೆಟ್ಟು ಬಂದಾಗ ತಲೆ ಹಿಂದೆಳೆದು ತಪ್ಪಿಸಿಕೊಳ್ಳುತ್ತಿದ್ದ. ಯಾವ ತರಬೇತುದಾರನೂ ಹುಡುಗರಿಗೆ ಹೇಳಿಕೊಡದ ಆಟ ಅದು.

ಆದರೂ ಮೊದಲ ಸ್ಥಾನಕ್ಕೆ ನನ್ನ ಮತ ಅಲಿಗೇ. ಯುದ್ಧ ವಿರೋಧ, ಧರ್ಮ, ಮಾತುಗಾರಿಕೆ ಎಲ್ಲವನ್ನೂ ಪಕ್ಕಕ್ಕಿಟ್ಟು, ರಿಂಗಿನೊಳಗಿನದ್ದನ್ನಷ್ಟೇ ಲೆಕ್ಕಕ್ಕೆ ಹಿಡಿದೂ. ತೊಡಕಿರುವುದು ಇಲ್ಲೇ: ಯಾವ ಅಲಿಗೆ?

1964ರಲ್ಲಿ ಸೋನಿ ಲಿಸ್ಟನ್‌ನನ್ನು ಸ್ಟೂಲಿನ ಮೇಲೆ ಕೂತಲ್ಲೇ ಸೋಲೊಪ್ಪಿಸಿದಾಗ ಅವನಿಗೆ 22 ವರ್ಷ. ಅಲ್ಲಿಂದ 1967ರ ಮಾರ್ಚ್‌ವರೆಗೆ ಒಂಬತ್ತು ಬಾರಿ ಪಟ್ಟ ಉಳಿಸಿಕೊಂಡ. 1966ರ ನವೆಂಬರ್‌ನಲ್ಲಿ ಹ್ಯೂಸ್ಟನ್‌ನಲ್ಲಿ ಕ್ಲೀವ್‌ಲ್ಯಾಂಡ್ ವಿಲಿಯಮ್ಸ್‌ನನ್ನು ಮೂರು ಸುತ್ತಿನಲ್ಲಿ ಮುಗಿಸಿದ ಪಂದ್ಯ ನೋಡಿ. ಹಿಂದೆ ಹಿಂದೆ ಸರಿಯುತ್ತಲೇ ಹೊಡೆದು ಬೀಳಿಸುತ್ತಾನೆ, ಎದುರಾಳಿಯ ಕೈಗೆ ಸಿಗುವುದೇ ಇಲ್ಲ. ಆ ಗಾತ್ರದ ಮನುಷ್ಯ ಆ ವೇಗದಲ್ಲಿ ಚಲಿಸಿದ್ದನ್ನು ಅದಕ್ಕೆ ಮೊದಲೂ ಆಮೇಲೂ ನಾವು ಕಂಡಿಲ್ಲ. ಆದರೆ ಆ ಅಲಿಯ ಎದುರಿಗೆ ಲಿಸ್ಟನ್‌ನನ್ನು ಬಿಟ್ಟರೆ ಮಹಾ ಬಾಕ್ಸರ್ ಎನ್ನಬಹುದಾದವರಿರಲಿಲ್ಲ. ವಿಲಿಯಮ್ಸ್ ಪೊಲೀಸ್ ಗುಂಡೇಟು ತಿಂದು ಹೇಗೋ ಚೇತರಿಸಿಕೊಂಡು ಬಂದಿದ್ದವನು.

1967ರ ಏಪ್ರಿಲ್ 28ರಂದು ಸೇನೆಗೆ ಸೇರಲು ನಿರಾಕರಿಸಿದ. ಮತ್ತೆ ರಿಂಗ್ ಹತ್ತಿದ್ದು 1970ರ ಅಕ್ಟೋಬರ್‌ನಲ್ಲಿ. 25ರಿಂದ 28ರವರೆಗಿನ ವಯಸ್ಸು ಹೋಯಿತು. ಮರಳಿ ಬಂದವನ ಕಾಲು ಮೊದಲಿನದಲ್ಲ. ಎರಡು ಮೂರು ಸುತ್ತು ಕುಣಿದ ಮೇಲೆ ನಿಲ್ಲಬೇಕಾಗುತ್ತಿತ್ತು. ನಿಂತರೆ ಪೆಟ್ಟು ಬೀಳುತ್ತದೆ. 1971ರ ಮಾರ್ಚ್ 8ರಂದು ನ್ಯೂಯಾರ್ಕಿನಲ್ಲಿ 15ನೇ ಸುತ್ತಿನಲ್ಲಿ ಫ್ರೇಜಿಯರ್ ಪಕ್ಕದಿಂದ ಬೀಸಿದ ಎಡಗೈ ಹುಕ್ ದವಡೆಗೆ ಬಿದ್ದು ಅಲಿ ಅಂಗಾತ ಬಿದ್ದ. ಕೆಲವೇ ಸೆಕೆಂಡುಗಳಲ್ಲಿ ಎದ್ದು ನಿಂತ; ಪಂದ್ಯ ಸೋತ. ಜಗತ್ತಿಗೆ ಹೊಸ ಅಲಿ ಪರಿಚಯವಾದದ್ದು ಆ ಕೆಲವು ಸೆಕೆಂಡುಗಳಲ್ಲಿ. ಪೆಟ್ಟು ತಪ್ಪಿಸಿಕೊಳ್ಳುವವನು ಪೆಟ್ಟು ತಿನ್ನಬಲ್ಲವನೂ ಆಗಿದ್ದ.

ಕಿನ್ಶಾಸಾದಲ್ಲಿ ಅವನು ಮಾಡಿದ್ದು ಅದನ್ನೇ. 25 ವರ್ಷದ ಫೋರ್ಮನ್ 40 ಪಂದ್ಯ ಗೆದ್ದು ಬಂದಿದ್ದ, ಅದರಲ್ಲಿ 37 ನಾಕೌಟ್. 32ರ ಅಲಿ ಎರಡನೇ ಸುತ್ತಿನಿಂದ ಹಗ್ಗಕ್ಕೆ ಒರಗಿ, ಮುಂಗೈಗಳಿಂದ ಮುಖ ಮುಚ್ಚಿಕೊಂಡು, ತೋಳಿಗೂ ಪಕ್ಕೆಗೂ ಬೀಳುವುದನ್ನೆಲ್ಲ ಬೀಳಲು ಬಿಟ್ಟ. ನಡುನಡುವೆ ತಟ್ಟನೆ ನಾಲ್ಕು ಹೊಡೆತ, ಮತ್ತೆ ಹಗ್ಗಕ್ಕೆ. ಏಳನೇ ಸುತ್ತಿನ ಹೊತ್ತಿಗೆ ಫೋರ್ಮನ್‌ನ ಕೈಗಳು ನೀರಿನೊಳಗೆ ಬೀಸಿದಷ್ಟು ನಿಧಾನವಾದವು. ಎಂಟರಲ್ಲಿ ಅಲಿಯ ಬಲಗೈ ಮುಖಕ್ಕೆ ನೇರ ಬಿತ್ತು. ಫೋರ್ಮನ್ ಅರ್ಧ ಸುತ್ತು ತಿರುಗುತ್ತ ಬೀಳುತ್ತಿದ್ದಾಗ ಅಲಿ ಇನ್ನೊಂದು ಗುದ್ದಿಗೆ ಕೈ ಎತ್ತಿದ್ದ, ಹೊಡೆಯಲಿಲ್ಲ. ಮರುವರ್ಷ ಮನಿಲಾದಲ್ಲಿ ಫ್ರೇಜಿಯರ್ ಜೊತೆ 14 ಸುತ್ತು. ಫ್ರೇಜಿಯರ್‌ನ ಎಡಗಣ್ಣಿನ ದೃಷ್ಟಿ ಮೊದಲೇ ಮಂಜಾಗಿತ್ತು, ಬಲಗಣ್ಣು ಊದಿ ಮುಚ್ಚಿಹೋಗಿತ್ತು. ತರಬೇತುದಾರ ಎಡ್ಡಿ ಫಚ್ 15ನೇ ಸುತ್ತಿಗೆ ಅವನನ್ನು ಬಿಡಲಿಲ್ಲ. ಈ ಪಂದ್ಯಕ್ಕೆ ಮುನ್ನ ಅಲಿ, ನಿಷೇಧದ ದಿನಗಳಲ್ಲಿ ತನ್ನ ಪರ ನಿಂತಿದ್ದ ಅದೇ ಫ್ರೇಜಿಯರ್‌ನನ್ನು ಗೊರಿಲ್ಲಾ ಎಂದು ಹಂಗಿಸಿದ್ದ. ಅಲಿಯನ್ನು ದೇವರ ಪಟದಂತೆ ತೂಗುಹಾಕುವವರು ಇದನ್ನು ಬಿಟ್ಟು ಹೇಳುವುದು ನನಗೆ ಹಿಡಿಸುವುದಿಲ್ಲ.

ಅಂದರೆ, ಅತ್ಯುತ್ತಮವಾಗಿ ಆಡಿದ ಅಲಿ ದೊಡ್ಡವರನ್ನು ಎದುರಿಸಲಿಲ್ಲ; ದೊಡ್ಡವರನ್ನು ಗೆದ್ದ ಅಲಿ ತನ್ನ ಅತ್ಯುತ್ತಮ ಆಟದಲ್ಲಿರಲಿಲ್ಲ. ಎರಡನ್ನೂ ಬೆಸೆದು ನಾವು ಒಬ್ಬ ಅಲಿಯನ್ನು ಮಾಡಿಕೊಂಡಿದ್ದೇವೆ. ನನ್ನ ಮತ ಎರಡನೆಯವನಿಗೆ. ಫ್ರೇಜಿಯರ್, ಫೋರ್ಮನ್, ನಾರ್ಟನ್ ಮೂವರನ್ನೂ ಗೆದ್ದ ಪಟ್ಟಿ ಬೇರೆ ಯಾವ ಹೆವಿವೇಟ್‌ಗೂ ಇಲ್ಲ. 1976ರಲ್ಲಿ ಜಿಮ್ಮಿ ಯಂಗ್ ಎದುರಿನ ತೀರ್ಪು, ಅದೇ ವರ್ಷ ನಾರ್ಟನ್ ಎದುರಿನ ಮೂರನೇ ಪಂದ್ಯದ ತೀರ್ಪು ಅಲಿಗೆ ಸಿಕ್ಕ ಉಡುಗೊರೆಗಳೆಂದು ಅನೇಕರು ಹೇಳುತ್ತಾರೆ. ಎರಡನ್ನೂ ಕಳೆದರೂ ಪಟ್ಟಿ ಕುಗ್ಗುವುದಿಲ್ಲ.

ಬೆಲೆ ತೆತ್ತದ್ದು ಕೂಡ ಎರಡನೆಯ ಅಲಿಯೇ. 1977ರಲ್ಲಿ ಅರ್ನಿ ಶೇವರ್ಸ್ ಜೊತೆಗಿನ ಪಂದ್ಯದ ನಂತರ ವೈದ್ಯ ಫರ್ಡಿ ಪಚೆಕೊ ನಿವೃತ್ತಿಗೆ ಒತ್ತಾಯಿಸಿ, ಯಾರೂ ಕಿವಿಗೆ ಹಾಕಿಕೊಳ್ಳದಿದ್ದಾಗ ತಂಡ ಬಿಟ್ಟುಹೋದ. 1980ರ ಆರಂಭದಲ್ಲಿ ಭಾರತಕ್ಕೆ ಬಂದಾಗ ಅಲಿ ನಿವೃತ್ತ. ಮದ್ರಾಸಿನ ನೆಹರೂ ಕ್ರೀಡಾಂಗಣದಲ್ಲಿ ಜಿಮ್ಮಿ ಎಲ್ಲಿಸ್ ಜೊತೆ ಪ್ರದರ್ಶನ ಪಂದ್ಯ ಆಡಿ, ಎಂ.ಜಿ. ರಾಮಚಂದ್ರನ್ ಜೊತೆ ನಿಂತು ಜನರಿಗೆ ಕೈಬೀಸಿದ್ದ. ಅಲ್ಲಿಗೇ ನಿಲ್ಲಿಸಿದ್ದರೆ ಎನಿಸುತ್ತದೆ. ಅದೇ ವರ್ಷ ಅಕ್ಟೋಬರ್ 2ರಂದು ಲ್ಯಾರಿ ಹೋಮ್ಸ್ ಎದುರು ಇಳಿದ. ಅದಕ್ಕೆ ಮುನ್ನ ಮೇಯೊ ಕ್ಲಿನಿಕ್‌ನಲ್ಲಿ ತಪಾಸಣೆ ನಡೆದಿತ್ತು: ಮೂಗಿನ ತುದಿ ಮುಟ್ಟೆಂದರೆ ಬೆರಳು ಕೊಂಚ ತಪ್ಪುತ್ತಿತ್ತು, ಒಂಟಿ ಕಾಲಲ್ಲಿ ಕುಪ್ಪಳಿಸೆಂದರೆ ಸರಿಯಾಗಿ ಆಗುತ್ತಿರಲಿಲ್ಲ. ಆದರೂ ಲೈಸೆನ್ಸ್ ಸಿಕ್ಕಿತು. ಹೋಮ್ಸ್ ಒಂದು ಕಾಲಕ್ಕೆ ಅಲಿಯ ಅಭ್ಯಾಸದ ಜೊತೆಗಾರನಾಗಿದ್ದವನು. ಹೊಡೆಯುತ್ತಲೇ ಪಂದ್ಯ ನಿಲ್ಲಿಸುವಂತೆ ರೆಫರಿಯತ್ತ ನೋಡುತ್ತಿದ್ದ. ಹತ್ತು ಸುತ್ತಾದ ಮೇಲೆ ತರಬೇತುದಾರ ಏಂಜೆಲೊ ಡಂಡಿ ನಿಲ್ಲಿಸಿದ. ಗೆದ್ದವನು ಆಮೇಲೆ ಅತ್ತ. 1951ರಲ್ಲಿ 37 ವರ್ಷದ ಜೋ ಲೂಯಿಸ್‌ನನ್ನು ಹಗ್ಗದಾಚೆ ಕೆಡವಿದ ಮಾರ್ಸಿಯಾನೊ ಕೂಡ ಹೀಗೆಯೇ ಅತ್ತಿದ್ದ. ಯುದ್ಧಕಾಲದಲ್ಲಿ ಪಂದ್ಯದ ಹಣವನ್ನು ಸೇನಾ ನಿಧಿಗಳಿಗೆ ಕೊಟ್ಟ ಲೂಯಿಸ್, ಅದೇ ಹಣದ ಮೇಲೆ ಬಿದ್ದ ತೆರಿಗೆ ತೀರಿಸಲು ಮತ್ತೆ ರಿಂಗಿಗೆ ಇಳಿದಿದ್ದ. ಅಲಿಗೆ ಪಾರ್ಕಿನ್ಸನ್ ಕಾಯಿಲೆ ಇದೆಯೆಂದು ಗೊತ್ತಾದದ್ದು 1984ರಲ್ಲಿ.

ನಮ್ಮ ಅಳತೆಗೋಲೇ ಹೀಗಿದೆ ಎಂಬುದು ನನ್ನನ್ನು ಕಾಡುವ ಸಂಗತಿ. ಬಿದ್ದು ಎದ್ದವನನ್ನು ದೊಡ್ಡವನೆನ್ನುತ್ತೇವೆ, ಬೀಳದಂತೆ ಆಡಿ ಸಕಾಲಕ್ಕೆ ಮನೆಗೆ ಹೋದವನ ಹೆಸರು ಬಾಯಿಗೆ ಬರುವುದಿಲ್ಲ. ಲೆನಾಕ್ಸ್ ಲೂಯಿಸ್ 44 ಪಂದ್ಯಗಳಲ್ಲಿ ಎರಡು ಸೋತ, ಒಂದು ಸಮ. ತನ್ನನ್ನು ಸೋಲಿಸಿದ ಇಬ್ಬರನ್ನೂ ಮತ್ತೆ ಕರೆದು ಸೋಲಿಸಿದ. ಸಮ ಮಾಡಿಕೊಂಡ ಹೋಲಿಫೀಲ್ಡ್‌ನನ್ನೂ. ಅಂದರೆ ಅವನು ಎದುರಿಸಿದ ಪ್ರತಿಯೊಬ್ಬನನ್ನೂ ಗೆದ್ದಿದ್ದಾನೆ. ಅವನೊಂದಿಗೆ ಆಡಬೇಕಾಗಿ ಬಂದಾಗ 1992ರಲ್ಲಿ ರಿಡಿಕ್ ಬೋವ್ ನಾಲ್ಕು ಸಂಸ್ಥೆಗಳಲ್ಲೊಂದಾದ ಡಬ್ಲ್ಯೂಬಿಸಿ ಕೊಟ್ಟ ತನ್ನ ಬೆಲ್ಟನ್ನು ಲಂಡನ್ನಿನಲ್ಲಿ ಪತ್ರಕರ್ತರ ಮುಂದೆಯೇ ಕಸದ ಬುಟ್ಟಿಗೆ ಎಸೆದ. ಮೈಕ್ ಟೈಸನ್ ಲೆನಾಕ್ಸ್ ಕೈಗೆ ಸಿಕ್ಕಿದ್ದು 35ರ ವಯಸ್ಸಿನಲ್ಲಿ, ಒಣಗಿದ ಮೇಲೆ, ಅದು ನಿಜ. 2003ರಲ್ಲಿ ವಿಟಾಲಿ ಕ್ಲಿಚ್‌ಕೊ ಎದುರು ಅಂಕಗಳಲ್ಲಿ ಹಿಂದಿದ್ದು, ಎದುರಾಳಿಯ ಮುಖದ ಗಾಯದಿಂದ ಗೆದ್ದ. ಕಾಲ ಮುಗಿಯಿತೆಂದು ಅವನಿಗೆ ಗೊತ್ತಾಯಿತು. 2004ರಲ್ಲಿ ಚಾಂಪಿಯನ್ ಆಗಿರುವಾಗಲೇ ಗ್ಲೌಸ್ ಬಿಚ್ಚಿಟ್ಟ. ನನ್ನ ಲೆಕ್ಕದಲ್ಲಿ ಅಲಿ, ಜೋ ಲೂಯಿಸ್ ನಂತರದ ಜಾಗ ಅವನದು. ಮೈಕ್ ಟೈಸನ್ ಅಭಿಮಾನಿಗಳು ಬೇಜಾರಾಗಬಹುದು. 20ರ ವಯಸ್ಸಿಗೆ ಚಾಂಪಿಯನ್ ಆದ ಟೈಸನ್‌ನ 1986ರಿಂದ 1988ರವರೆಗಿನ ಆಟ ನಡುಕ ಹುಟ್ಟಿಸುವಂಥದ್ದು, ಸರಿ. ಆದರೆ 1990ರಲ್ಲಿ ಟೋಕಿಯೊದಲ್ಲಿ ಬಸ್ಟರ್ ಡಗ್ಲಾಸ್ ಕೆಡವಿದ ನಂತರ ತನ್ನ ಮಟ್ಟದ ಒಬ್ಬನನ್ನೂ ಅವನು ಸೋಲಿಸಲಿಲ್ಲ.

ಉಸಿಕ್‌ಗೆ ಮೊದಲ ಹತ್ತರಲ್ಲಿ ಜಾಗ ಈಗಲೇ ಗಟ್ಟಿ. ತನಗಿಂತ ದೊಡ್ಡ ಮೈಯವರನ್ನು ಅವರ ಊರಿನಲ್ಲೇ ಹೋಗಿ ಸೋಲಿಸಿದವನು: ಜೋಶುವಾನನ್ನು ಟಾಟನ್‌ಹ್ಯಾಮ್‌ನಲ್ಲಿ, ದುಬುವಾನನ್ನು ವೆಂಬ್ಲಿಯಲ್ಲಿ. ಕಾಲಿನ ಚಲನೆಯಲ್ಲಿ 1966ರ ಅಲಿಯ ಹತ್ತಿರಕ್ಕೆ ಬಂದ ಹೆವಿವೇಟ್ ಇವನೊಬ್ಬನೇ. ಮೇಲಿನ ಮೂವರನ್ನು ಮುಟ್ಟಲು ಅವನಿಗೆ ಕಡಿಮೆ ಬಿದ್ದಿರುವುದು ಪಂದ್ಯಗಳ ಸಂಖ್ಯೆ. ಹೆವಿವೇಟ್‌ನಲ್ಲಿ ಅವನು ಗೆದ್ದ ದೊಡ್ಡ ಹೆಸರುಗಳು ಜೋಶುವಾ, ಫ್ಯೂರಿ, ದುಬುವಾ ಮೂರೇ. ಇದು ಅವನೊಬ್ಬನ ತಪ್ಪಲ್ಲ. ವರ್ಷಕ್ಕೆ ಒಂದೆರಡು ಬಾರಿ ರಿಂಗ್ ಹತ್ತಿದರೆ ಸಾಕು ಎನ್ನುವಷ್ಟು ಹಣ ಸೌದಿ ಅರೇಬಿಯಾದಿಂದ ಹರಿದು ಬರುತ್ತಿರುವ ಕಾಲ ಇದು. ದುಬುವಾನನ್ನು ಕೆಡವಿದಾಗ ಅವನಿಗೆ 38 ವರ್ಷ, ಹೋಮ್ಸ್ ಎದುರು ಅಲಿಗೆ ಇದ್ದಷ್ಟೇ ವಯಸ್ಸು. ಇನ್ನೂ ಆಡಿದರೆ ಪಟ್ಟಿ ಬೆಳೆದೀತು. ಅಭಿಮಾನಿಗಳು ಅದನ್ನೇ ಬಯಸುತ್ತಿದ್ದಾರೆ, ನಾನು ಬಯಸುವುದಿಲ್ಲ.